ಎಂಟು ತಿಂಗಳ ಮೌನ, ಹತ್ತು ದಿನದ ದಾಹ

19ನೇ ಶತಮಾನದ ಆರಂಭ. ಜಿನೀವಾದಲ್ಲಿ ನಿಕೊಲಾ ತಿಯೋಡೋರ್ ದ ಸೊಸ್ಯೂರ್ ಎಂಬ ವಿಜ್ಞಾನಿ ಇದ್ದರು. ಗಿಡಗಳು ಗಾಳಿಯಿಂದ ಏನನ್ನು ತೆಗೆದುಕೊಳ್ಳುತ್ತವೆ, ಏನನ್ನು ಬಿಡುತ್ತವೆ ಎಂದು ಅಳೆದು ತೂಗಿ ಹೆಸರು ಮಾಡಿದವರು. ಅವರು ನೀರಿನ ಮೇಲೆ ಆಕ್ರೋಟ್ ಎಣ್ಣೆಯ ಒಂದು ಪದರ ಹರಡಿ, ಅದು ಎಷ್ಟು ಆಮ್ಲಜನಕ ಹೀರುತ್ತದೆಂದು ಪಾದರಸದ ಮಾಪಕ ಇಟ್ಟು ನೋಡುತ್ತ ಕೂತರು. ಎಷ್ಟು ದಿನ? ಒಂದು ವಾರವಲ್ಲ, ಒಂದು ತಿಂಗಳೂ ಅಲ್ಲ. ಎಂಟು ತಿಂಗಳು! ಅಷ್ಟೂ ಕಾಲ ಎಣ್ಣೆ ಹೀರಿಕೊಂಡದ್ದು ತನ್ನ ಗಾತ್ರದ ಬರೀ ಮೂರು ಪಟ್ಟು ಅನಿಲ. ಬೇರೆ ಯಾರಾದರೂ ಆಗಿದ್ದರೆ ಪಾತ್ರೆ ತೊಳೆದಿಟ್ಟು ಇನ್ನೊಂದು ಕೆಲಸ ಹಿಡಿಯುತ್ತಿದ್ದರು.

ಸೊಸ್ಯೂರ್ ಹಿಡಿಯಲಿಲ್ಲ. ಆಮೇಲೆ ನಡೆದದ್ದನ್ನು ಓದುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮುಂದಿನ ಹತ್ತೇ ದಿನಗಳಲ್ಲಿ ಅದೇ ಎಣ್ಣೆ ತನ್ನ ಗಾತ್ರದ 60 ಪಟ್ಟು ಆಮ್ಲಜನಕವನ್ನು ಗಟಗಟ ಕುಡಿದುಬಿಟ್ಟಿತು. ಯಾರೂ ಅದನ್ನು ಕದಡಲಿಲ್ಲ, ಏನೂ ಬೆರೆಸಲಿಲ್ಲ. ಬಳಿಕ ನಿಧಾನವಾಗುತ್ತ ಬಂತು. ಮೂರು ತಿಂಗಳು ಕಳೆಯುವ ಹೊತ್ತಿಗೆ ಒಟ್ಟು ಲೆಕ್ಕ 145 ಪಟ್ಟು! ಎಣ್ಣೆ ಅಂಟಂಟಾಗಿತ್ತು, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕಿತ್ತು.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಎಣ್ಣೆ ಕಮಟು ಹಿಡಿಯುವುದೂ ಇದೇ ನಾಟಕ. ಹೋದ ವಾರ ಚೆನ್ನಾಗೇ ಇತ್ತು, ಈ ವಾರ ಒಗ್ಗರಣೆಗೆ ಹಾಕಿದರೆ ಏನೋ ವಾಸನೆ ಎಂದು ಎಷ್ಟು ಸಲ ಅಂದುಕೊಂಡಿಲ್ಲ? ಒಂದು ವಾರದಲ್ಲಿ ಕೆಟ್ಟದ್ದಲ್ಲ ಅದು. ಗಾಣದಿಂದ ಇಳಿದ ಗಳಿಗೆಯಿಂದಲೇ ಒಳಗೊಳಗೇ ತಯಾರಿ ನಡೆದಿತ್ತು. ನಮ್ಮ ಮೂಗಿಗೆ ಸುದ್ದಿ ಮುಟ್ಟಿದ್ದು ಕೊನೆಗೆ. ಹಾಗಾದರೆ ಆ ಮೌನ ಎಷ್ಟು ದಿನ ಇರಬೇಕೆಂದು ನಿಶ್ಚಯಿಸುವವರು ಯಾರು? ಡಬ್ಬಿಯೋ, ಬಿಸಿಲೋ, ಅಂಗಡಿಯವನೋ? ಅವರದೂ ಪಾಲಿದೆ. ಆದರೆ ದೊಡ್ಡ ಪಾಲು ಹೊಲದಲ್ಲೇ, ಬಿತ್ತಿದ ತಳಿಯಲ್ಲೇ, ಅದರ ಒಂದೆರಡು ಜೀನುಗಳ ಒಂದೆರಡು ಅಕ್ಷರಗಳಲ್ಲೇ ಬರೆದಿಟ್ಟಾಗಿರುತ್ತದೆ. ಇದು ತಿಳಿದ ಮೇಲೆ ಕಡಲೆಕಾಯಿ ಎಣ್ಣೆಯ ಬಾಟಲಿಯನ್ನು ಮೊದಲಿನ ಹಾಗೆ ನೋಡಲು ನನಗಂತೂ ಆಗಿಲ್ಲ.

ಎಣ್ಣೆಯ ಒಂದು ಹನಿಯೊಳಗೆ ಇಳಿದು ನೋಡೋಣ. ಅಲ್ಲಿರುವುದು ಉದ್ದುದ್ದ ಸರಪಳಿಗಳು, ಕೊಬ್ಬಿನಾಮ್ಲಗಳು. ಕಡಲೆಕಾಯಿ ಎಣ್ಣೆಯಲ್ಲಿ ಮುಖ್ಯವಾದವು ಎರಡು: ಒಲಿಯಿಕ್ ಮತ್ತು ಲಿನೋಲಿಯಿಕ್. ಎರಡರಲ್ಲೂ ಹದಿನೆಂಟು ಇಂಗಾಲದ ಪರಮಾಣುಗಳು ಸಾಲಾಗಿ ನಿಂತಿವೆ. ಒಲಿಯಿಕ್‌ನಲ್ಲಿ ಒಂಬತ್ತನೆಯ ಇಂಗಾಲದ ಬಳಿ ಒಂದೇ ಒಂದು ಜೋಡಿಬಂಧ. ಲಿನೋಲಿಯಿಕ್‌ನಲ್ಲಿ ಅದರ ಜೊತೆಗೆ ಹನ್ನೆರಡನೆಯ ಇಂಗಾಲದ ಬಳಿ ಇನ್ನೊಂದು. ಜಲಜನಕದ ಲೆಕ್ಕ ಹಿಡಿದರೆ ವ್ಯತ್ಯಾಸ ಬರೀ ಎರಡು ಪರಮಾಣುಗಳದ್ದು. ಅಣುತೂಕ ಒಂದರದ್ದು 282, ಇನ್ನೊಂದರದ್ದು 280. ಕಣ್ಣಿಗೆ, ಕೈಗೆ, ನಾಲಿಗೆಗೆ ತಾಜಾ ಎಣ್ಣೆಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಆದರೆ ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡಿರುವ ಹನ್ನೊಂದನೆಯ ಇಂಗಾಲವನ್ನು ನೋಡಿ! ಅದರ ಮೇಲಿರುವ ಜಲಜನಕಗಳು ಇಡೀ ಸರಪಳಿಯಲ್ಲೇ ಅತ್ಯಂತ ಸಡಿಲ. ಎರಡೂ ಕಡೆಯ ಜೋಡಿಬಂಧಗಳು ಅವುಗಳ ಹಿಡಿತವನ್ನು ಕರಗಿಸಿಬಿಟ್ಟಿವೆ. ಬೆಳಕಿನ ಒಂದು ಏಟು, ಕಬ್ಬಿಣ ಅಥವಾ ತಾಮ್ರದ ಒಂದು ಕಣ, ಒಂದಿಷ್ಟು ಸೆಕೆ ಸಾಕು. ಒಂದು ಜಲಜನಕ ಕೈತಪ್ಪುತ್ತದೆ. ಅಲ್ಲಿಗೆ ಶುರುವಾಯಿತು ಕಳ್ಳತನ. ಜಲಜನಕ ಕಳೆದುಕೊಂಡ ಅಣುವಿಗೆ ಆಮ್ಲಜನಕ ಬಂದು ಅಂಟಿಕೊಳ್ಳುತ್ತದೆ. ಆಮ್ಲಜನಕ ಸೇರಿದ ಅಣು ಈಗ ತನಗಾದ ನಷ್ಟ ತುಂಬಿಕೊಳ್ಳಲು ಪಕ್ಕದ ಅಣುವಿನ ಜಲಜನಕಕ್ಕೇ ಕೈ ಹಾಕುತ್ತದೆ. ಕಳಕೊಂಡವನೇ ಕಳ್ಳನಾಗುತ್ತಾನೆ, ಅವನು ದೋಚಿದವನು ಮುಂದಿನ ಕಳ್ಳ. ಒಂದು ಸಲದ ಕಳ್ಳತನ ಹೀಗೆ ನೂರಾರು ಮನೆ ದಾಟುತ್ತದೆ. ದೋಚಿ ತೃಪ್ತನಾದ ಪ್ರತಿಯೊಂದು ಅಣುವೂ ಹೈಡ್ರೋಪೆರಾಕ್ಸೈಡ್ ಆಗಿ ಉಳಿಯುತ್ತದೆ. ಅದು ತಣ್ಣಗೆ ಕೂತಂತೆ ಕಂಡರೂ ಕಾಲ ಕಳೆದಂತೆ ತಾನೇ ಒಡೆದು ಎರಡು ಹೊಸ ಕಳ್ಳರನ್ನು ಹುಟ್ಟಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ... ಸೊಸ್ಯೂರ್ ಕಂಡ ಆ ಹತ್ತು ದಿನಗಳು ಇವೇ. ಈ ಒಳಗುಟ್ಟು ಬಿಚ್ಚಿಕೊಂಡದ್ದು ಅವರ ಕಾಲದಲ್ಲಲ್ಲ, ನೂರಕ್ಕೂ ಹೆಚ್ಚು ವರ್ಷ ಕಳೆದು 1940ರ ದಶಕದಲ್ಲಿ. ಅದೂ ಎಣ್ಣೆಯ ಮೇಲಿನ ಪ್ರೀತಿಯಿಂದಲ್ಲ! ರಬ್ಬರ್ ಯಾಕೆ ಹಳತಾಗಿ ಬಿರುಕು ಬಿಡುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದ ಬ್ರಿಟನ್ನಿನ ರಬ್ಬರ್ ಸಂಶೋಧಕರಿಗೆ ಇದು ಹೊಳೆಯಿತು.

ಒಲಿಯಿಕ್‌ನಲ್ಲಿ ಆ ಹನ್ನೊಂದನೆಯ ಮನೆಯ ಬಾಗಿಲು ಅಷ್ಟು ಸಡಿಲವಲ್ಲ. ಹಾಗಾಗಿ ಕತ್ತಲಲ್ಲಿ, ಮಾಮೂಲಿ ಗಾಳಿಯಲ್ಲಿ ಲಿನೋಲಿಯಿಕ್ ಆಮ್ಲ ಒಲಿಯಿಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಬೇಗ ಆಮ್ಲಜನಕಕ್ಕೆ ಬಲಿಯಾಗುತ್ತದೆ. ಮೂರು ಜೋಡಿಬಂಧಗಳ ಲಿನೋಲೆನಿಕ್ ಅದರ ಇನ್ನೂ ಎರಡು ಪಟ್ಟು ಬೇಗ. ಆಕ್ರೋಟ್ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್, ಮೇಲೆ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಲಿನೋಲೆನಿಕ್. ಸೊಸ್ಯೂರ್ ಕೈಗೆ ಸಿಕ್ಕಿದ್ದು ಬೀಜದೆಣ್ಣೆಗಳಲ್ಲೇ ಅತಿ ಬಾಯಾರಿದ ಎಣ್ಣೆಗಳಲ್ಲೊಂದು! ಬಾದಾಮಿಯಲ್ಲಿ ಒಲಿಯಿಕ್ ಹೆಚ್ಚು, ಅದು ತಾಳಿಕೊಳ್ಳುತ್ತದೆ. ಮಕಡೇಮಿಯಾದಲ್ಲಿ ಲಿನೋಲಿಯಿಕ್ ಇರುವುದೇ ಹೆಸರಿಗೆ.

ನಮ್ಮ ಕಡಲೆಕಾಯಿ?

ಇಲ್ಲಿಂದ ಕಥೆ ರಂಗೇರುತ್ತದೆ. ಕರ್ನಾಟಕದ ಒಣಭೂಮಿಯ ರೈತರಿಗೆ ಟಿಎಂವಿ-2 ಹೆಸರು ಹೇಳಬೇಕಾಗಿಲ್ಲ. ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಬಿಡುಗಡೆಯಾದ ಗೊಂಚಲು ತಳಿ ಅದು. ಎಷ್ಟು ಹೊಸ ತಳಿ ಬಂದರೂ ಚಿತ್ರದುರ್ಗ, ತುಮಕೂರು, ಪಾವಗಡದ ಕಡೆ ಅದರ ಮೇಲಿನ ಮೋಹ ಬಿಟ್ಟಿಲ್ಲ. ಒಂದು ಕಾಲಕ್ಕೆ ಮುಂಬಯಿಯ ನಂತರ ಚಳ್ಳಕೆರೆ ಎನ್ನುವಷ್ಟು ಎಣ್ಣೆ ಗಿರಣಿಗಳು ಆ ಊರಿನಲ್ಲಿ ತುಂಬಿದ್ದವು. ಎಣ್ಣೆ ನಗರಿ ಎಂದೇ ಕರೆಯುತ್ತಿದ್ದರು. ಆ ಗಿರಣಿಗಳಲ್ಲಿ ಹರಿದ ಎಣ್ಣೆಯ ಗುಣ ಇಂಥ ಗೊಂಚಲು ತಳಿಗಳ ಗುಣವೇ. ಒಲಿಯಿಕ್, ಲಿನೋಲಿಯಿಕ್ ಎರಡೂ ಹೆಚ್ಚುಕಡಿಮೆ ಸಮಸಮ, ತಲಾ ನೂರಕ್ಕೆ 40ರ ಆಸುಪಾಸು. ಹಬ್ಬುವ ಜಾತಿಯ ತಳಿಗಳಲ್ಲಿ ಒಲಿಯಿಕ್ ಸಾಮಾನ್ಯವಾಗಿ ಇನ್ನೊಂದಿಷ್ಟು ಜಾಸ್ತಿ. ಒಂದೇ ಊರಿನ ಎರಡು ಹೊಲಗಳ ಎರಡು ತಳಿಯ ಎಣ್ಣೆ ಒಂದೇ ಗಾಣದಿಂದ ಒಂದೇ ದಿನ ಇಳಿದರೂ, ಅವುಗಳ ಮೌನದ ಅವಧಿ ಒಂದೇ ಅಲ್ಲ.

ಇನ್ನೊಂದು ಸೋಜಿಗ ಕೇಳಿ. ಒಂದೇ ತಳಿ, ಒಂದೇ ಹೊಲ, ಬೇರೆ ಬೇರೆ ಹಂಗಾಮು. ಆಗಲೂ ಎಣ್ಣೆ ಬೇರೆ! ಕಾಯಿ ಬಲಿಯುವ ಹೊತ್ತಿಗೆ ಚಳಿ ಇದ್ದರೆ ಗಿಡ ಲಿನೋಲಿಯಿಕ್ ಹೆಚ್ಚು ಮಾಡುತ್ತದೆ, ಸೆಕೆಯಿದ್ದರೆ ಒಲಿಯಿಕ್‌ನಲ್ಲೇ ನಿಲ್ಲಿಸುತ್ತದೆ. ಬಲಿಯದ ಜೊಳ್ಳುಬೀಜದಲ್ಲಿ ಒಲಿಯಿಕ್ ಕಡಿಮೆ. ಮಂಡಿಯಲ್ಲಿ ಕಾಯಿಯನ್ನು ಮುಷ್ಟಿಯಲ್ಲಿ ಅಲುಗಿಸಿ, ಒಂದೆರಡು ಒಡೆದು ಬೀಜ ನೋಡಿ ಬೆಲೆ ಕಟ್ಟುವ ದಲಾಲರು ಜೊಳ್ಳನ್ನು ಪಕ್ಕಕ್ಕೆ ಹಾಕುತ್ತಾರಲ್ಲ, ಅವರ ಲೆಕ್ಕ ಎಣ್ಣೆಯ ಇಳುವರಿಯದ್ದು. ಆದರೆ ಆ ಎಣ್ಣೆ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕವೂ ಅದೇ ಮುಷ್ಟಿಯಲ್ಲಿದೆ.

ಈಗ ಅಮೆರಿಕದ ಫ್ಲಾರಿಡಾಕ್ಕೆ ಹೋಗೋಣ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎ. ಜೆ. ನಾರ್ಡೆನ್ ಮತ್ತು ಸಂಗಡಿಗರು ತಮ್ಮ ಬಳಿಯಿದ್ದ ನೂರಾರು ಕಡಲೆಕಾಯಿ ಸಾಲುಗಳ ಎಣ್ಣೆಯನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಎಲ್ಲವೂ ಅದೇ ಹಳೇ ಲೆಕ್ಕ, ಅರ್ಧ ಅದು, ಅರ್ಧ ಇದು, ಸ್ವಲ್ಪ ಹಿಂದೆ ಮುಂದೆ. ಅಷ್ಟರಲ್ಲಿ ಎಫ್435 ಎಂಬ ಗುರುತಿನ ಒಂದು ಸಾಲು ಎದುರಾಯಿತು. ಒಲಿಯಿಕ್ ನೂರಕ್ಕೆ 80! ಲಿನೋಲಿಯಿಕ್ ಬರೀ 2! ಯಾರೂ ವಿಕಿರಣ ಹಾಯಿಸಿರಲಿಲ್ಲ, ರಾಸಾಯನಿಕ ಹಚ್ಚಿರಲಿಲ್ಲ. ಗಿಡ ತನ್ನಷ್ಟಕ್ಕೆ ತಾನೇ ಹಾಗಾಗಿತ್ತು, ಯಾರ ಕಣ್ಣಿಗೂ ಬೀಳದೆ ಬೀಜದ ಸಂಗ್ರಹದಲ್ಲಿ ಕೂತಿತ್ತು. ಈ ಸುದ್ದಿ ಪ್ರಕಟವಾದದ್ದು 1987ರಲ್ಲಿ. ಆ ರಕ್ತದಿಂದ ಬೆಳೆಸಿದ ಮೊದಲ ತಳಿ ಸನ್‌ಒಲಿಯಿಕ್ 95ಆರ್ ಹೊರಬಂದದ್ದು 1995ರಲ್ಲಿ.

ಏನಾಗಿತ್ತು ಅದಕ್ಕೆ? ಇದನ್ನು ನಿಧಾನವಾಗಿ ಹೇಳಬೇಕು, ಅಷ್ಟು ಸೊಗಸಾಗಿದೆ. ಒಲಿಯಿಕ್‌ನಿಂದ ಎರಡು ಜಲಜನಕ ಕಿತ್ತು ಲಿನೋಲಿಯಿಕ್ ಮಾಡುವ ಕಿಣ್ವವೊಂದಿದೆ. ಅದನ್ನು ತಯಾರಿಸುವ ಜೀನಿನ ಹೆಸರು ಎಫ್‌ಎಡಿ2. ಕಡಲೆಕಾಯಿಯಲ್ಲಿ ಇದರ ಎರಡು ಪ್ರತಿಗಳಿವೆ, ಯಾಕೆಂದರೆ ಕಡಲೆಕಾಯಿ ಒಂದು ಗಿಡವಲ್ಲ, ಎರಡು! ದಕ್ಷಿಣ ಅಮೆರಿಕದಲ್ಲಿ, ಈಗಿನ ಬೊಲಿವಿಯಾ-ಅರ್ಜೆಂಟೀನಾ ಗಡಿಯ ಆಸುಪಾಸಿನಲ್ಲಿ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಎರಡು ಕಾಡುಗಿಡಗಳು ಕೂಡಿ ಹುಟ್ಟಿದ್ದು ಅದು. ಎರಡೂ ಮನೆತನಗಳ ಇಡೀ ಜೀನುಗಂಟು ಅದರ ಒಳಗೇ ಇದೆ. ಹಾಗಾಗಿ ಒಂದು ಪ್ರತಿ ಕೆಟ್ಟರೂ ಇನ್ನೊಂದು ಪ್ರತಿ ಕಿಣ್ವ ತಯಾರಿಸುತ್ತಲೇ ಇರುತ್ತದೆ. ಎಫ್435ರಲ್ಲಿ ಎರಡೂ ಕೆಟ್ಟಿದ್ದವು. ಮೊದಲ ಮನೆತನದ ಪ್ರತಿಯಲ್ಲಿ 448ನೆಯ ಅಕ್ಷರ 'ಜಿ' ಇರಬೇಕಾದಲ್ಲಿ 'ಎ' ಬಿದ್ದಿತ್ತು. ಎರಡನೆಯದರಲ್ಲಿ 441 ಮತ್ತು 442ರ ನಡುವೆ ಒಂದು 'ಎ' ಸುಮ್ಮನೆ ನುಸುಳಿ, ಮುಂದಿನ ಓದೆಲ್ಲ ತಪ್ಪಿಹೋಗಿತ್ತು. ಒಂದು ಅಕ್ಷರ ಬದಲು, ಒಂದು ಅಕ್ಷರ ಹೆಚ್ಚು. ಅಷ್ಟೇ! ಎರಡೂ ಒಂದೇ ಗಿಡದಲ್ಲಿ ಕೂಡಿಬಂದದ್ದೇ ಪವಾಡ. ಮೊದಲನೆಯ ದೋಷ ಹಬ್ಬುವ ಜಾತಿಯ ಎಷ್ಟೋ ತಳಿಗಳಲ್ಲಿ ಇದೆ, ಅವುಗಳಲ್ಲಿ ಒಲಿಯಿಕ್ ಸ್ವಲ್ಪ ಹೆಚ್ಚಿರಲು ಅದೇ ಒಂದು ಕಾರಣ. ನಮ್ಮ ಗೊಂಚಲು ತಳಿಗಳಲ್ಲಿ ಬಹುಮಟ್ಟಿಗೆ ಎರಡೂ ಪ್ರತಿಗಳು ನೆಟ್ಟಗಿವೆ. ಎರಡನೆಯ ದೋಷ ಮಾತ್ರ ಬಲು ಅಪರೂಪ.

ಹೀಗೆ ಕೆಟ್ಟ ಗಿಡದ ಎಣ್ಣೆ ಕೆಡುವುದೇ ಇಲ್ಲ ಎನ್ನುವಷ್ಟು ತಡ. ಬಿಸಿಯಲ್ಲಿಟ್ಟು ಬೇಗ ಬೇಗ ಹಳತಾಗಿಸುವ ಪರೀಕ್ಷೆಗಳಲ್ಲಿ ಮಾಮೂಲಿ ಕಡಲೆಕಾಯಿ ಎಣ್ಣೆಗಿಂತ ಹತ್ತು ಪಟ್ಟು ಮೀರಿ ಬಾಳಿದ್ದುಂಟು.

ಆ ಎರಡು ಅಕ್ಷರಗಳು ಸಮುದ್ರ ದಾಟಿ ನಮ್ಮ ಕಡೆಗೂ ಬಂದವು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಮತ್ತು ಜುನಾಗಢದ ನೆಲಗಡಲೆ ಸಂಶೋಧನಾ ನಿರ್ದೇಶನಾಲಯ ಸೇರಿ ಸನ್‌ಒಲಿಯಿಕ್ 95ಆರ್ ಜೊತೆ ನಮ್ಮ ನೆಲಕ್ಕೆ ಒಗ್ಗಿದ ಸಾಲುಗಳನ್ನು ಕೂಡಿಸಿದವು. ಎಳೆಯ ಸಸಿಯ ಒಂದು ಚೂರು ತೆಗೆದು ಆ ಎರಡು ಅಕ್ಷರ ಇವೆಯೋ ಇಲ್ಲವೋ ಎಂದು ನೋಡಿ, ಇದ್ದವನ್ನಷ್ಟೇ ಮುಂದಕ್ಕೆ ಒಯ್ದವು. ಅಲ್ಲಿಂದ ಬಂದವೇ ಗಿರ್ನಾರ್-4 ಮತ್ತು ಗಿರ್ನಾರ್-5. ನೂರಕ್ಕೆ 80ರ ಹತ್ತಿರ ಒಲಿಯಿಕ್ ಇರುವ ಈ ತಳಿಗಳು ಬೆಳೆಯಲು ಯೋಗ್ಯವೆಂದು ಗುರುತಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2020ರ ಅಕ್ಟೋಬರಿನಲ್ಲಿ ಪ್ರಧಾನಿ ದೇಶಕ್ಕೆ ಅರ್ಪಿಸಿದ 17 ಪೌಷ್ಟಿಕ ತಳಿಗಳ ಪಟ್ಟಿಯಲ್ಲಿ ಇವೆರಡೂ ಇದ್ದವು. ಫ್ಲಾರಿಡಾದ ಕಪಾಟಿನಲ್ಲಿ ಸಿಕ್ಕ ಒಂದು ತಪ್ಪು, ಬಯಲುಸೀಮೆಯ ಕೆಂಪು ಮಣ್ಣಿಗೆ!

ಎಣ್ಣೆ ಒಳಗೊಳಗೇ ಕೆಡುತ್ತಿದೆಯೋ ಇಲ್ಲವೋ ಎಂದು ಕಣ್ಣಾರೆ ಕಾಣಬಹುದೇ? ಕಾಣಬಹುದು. ಯಾವುದಾದರೂ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವಕಾಶ ಸಿಕ್ಕರೆ ಬಿಡಬೇಡಿ. ಐದು ಗ್ರಾಂ ಎಣ್ಣೆಯನ್ನು ಅಸಿಟಿಕ್ ಆಮ್ಲ ಮತ್ತು ಕ್ಲೋರೋಫಾರಂ ಮಿಶ್ರಣದಲ್ಲಿ ಕರಗಿಸುತ್ತಾರೆ. ಅದಕ್ಕೆ ಪೊಟ್ಯಾಸಿಯಂ ಅಯೋಡೈಡಿನ ಗಟ್ಟಿ ದ್ರಾವಣ ಒಂದು ಚೂರು. ಒಂದು ನಿಮಿಷ ಕುಲುಕಬೇಕು. ತಾಜಾ ಎಣ್ಣೆಯಾದರೆ ಬಣ್ಣದಲ್ಲಿ ಹೇಳುವಂಥ ಬದಲಾವಣೆ ಇಲ್ಲ. ಪೆರಾಕ್ಸೈಡ್ ತುಂಬಿದ ಎಣ್ಣೆಯಾದರೆ ನೋಡುತ್ತಿದ್ದಂತೆ ಹಳದಿ ಏರುತ್ತದೆ, ಬಿಡುಗಡೆಯಾದ ಅಯೋಡಿನ್ ಅದು. ನೀರು ಹಾಕಿ, ಎರಡು ಹನಿ ಗಂಜಿ ಬಿಟ್ಟರೆ ಇಡೀ ಫ್ಲಾಸ್ಕು ಕಡುನೀಲಿ! ಈಗ ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಹನಿ ಹನಿಯಾಗಿ ಇಳಿಸುತ್ತ ಕುಲುಕುತ್ತ ಹೋಗಬೇಕು. ನೀಲಿ ಹಾಗೇ ಇದೆ, ಹಾಗೇ ಇದೆ, ಸ್ವಲ್ಪ ಮಸುಕಾಯಿತು... ಒಂದೇ ಒಂದು ಹನಿ, ನೀಲಿ ಮಾಯ! ಎಷ್ಟು ಹನಿ ಬೇಕಾಯಿತೋ ಅಷ್ಟು ಪೆರಾಕ್ಸೈಡ್ ಎಂದು ಲೆಕ್ಕ. ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ ಪ್ರಕಾರ ಈ ಅಂಕಿ ರಿಫೈನ್ಡ್ ಎಣ್ಣೆಗೆ 10 ದಾಟಬಾರದು, ಗಾಣದ ಎಣ್ಣೆಯಂಥವಕ್ಕೆ 15ರವರೆಗೆ ನಡೆಯುತ್ತದೆ.

ಇಲ್ಲೊಂದು ಮೋಸವಿದೆ, ಸೊಗಸಾದ ಮೋಸ. ಪೆರಾಕ್ಸೈಡುಗಳಿಗೆ ವಾಸನೆಯೇ ಇಲ್ಲ! ಫ್ಲಾಸ್ಕಿನಲ್ಲಿ ನೀಲಿ ಉಕ್ಕಿಸಿದ ಎಣ್ಣೆಯನ್ನು ಮೂಸಿದರೆ ಏನೂ ಗೊತ್ತಾಗದೇ ಹೋಗಬಹುದು. ಮುಂದೆ ಅವು ಒಡೆದು ಚೂರಾದಾಗ ಹುಟ್ಟುವ ಸಣ್ಣ ಸಣ್ಣ ಅಣುಗಳು, ಆಲ್ಡಿಹೈಡುಗಳು, ಅವೇ ಕಮಟು. ಆ ಹೊತ್ತಿಗೆ ಪೆರಾಕ್ಸೈಡಿನ ಅಂಕಿ ಇಳಿಯತೊಡಗಿರುತ್ತದೆ. ಅಂದರೆ ತೀರಾ ಹಳಸಿದ ಎಣ್ಣೆ ಇದೊಂದೇ ಪರೀಕ್ಷೆಯಲ್ಲಿ ಸಭ್ಯವಾಗಿ ಪಾಸಾಗಿಬಿಡಬಹುದು. ಅದಕ್ಕೇ ಬಲ್ಲವರು ಆಲ್ಡಿಹೈಡನ್ನು ಅಳೆಯುವ ಅನಿಸಿಡಿನ್ ಪರೀಕ್ಷೆಯನ್ನೂ ಮಾಡಿ, ಎರಡನ್ನೂ ಕೂಡಿಸಿ ನೋಡುತ್ತಾರೆ.

ಮತ್ತೆ ಆ ಚೂರುಗಳು! ತಳಿ ಬೇರೆಯಾದರೆ ಕಮಟೂ ಬೇರೆ ಎಂದು ನನಗೆ ಹೊಳೆದೇ ಇರಲಿಲ್ಲ. ಲಿನೋಲಿಯಿಕ್ ಒಡೆದರೆ ಆರು ಇಂಗಾಲದ ಹೆಕ್ಸನಾಲ್ ಬರುತ್ತದೆ. ಅದು ಆಗತಾನೆ ಕೊಯ್ದ ಹುಲ್ಲಿನ, ಹಸಿ ಹುರುಳಿಕಾಯಿಯ ವಾಸನೆ. ಹುರಿದ ಕಡಲೆಬೀಜವನ್ನು ಡಬ್ಬಿಯಲ್ಲಿಟ್ಟು ಮರೆತರೆ ಅದರ ಘಮ ಹೋಗಿ ರಟ್ಟಿನ ವಾಸನೆ ಬರುತ್ತದಲ್ಲ, ಅಲ್ಲಿ ಹುರಿದ ಘಮ ಪೂರ್ತಿ ಹಾರಿಹೋಗಿರುವುದಿಲ್ಲ, ಹೆಕ್ಸನಾಲ್ ಮತ್ತು ಅದರ ಬಳಗ ಅದರ ಮೇಲೆ ಮುಸುಕು ಎಳೆದಿರುತ್ತವೆ. ಒಲಿಯಿಕ್ ಒಡೆದರೆ ಎಂಟು, ಒಂಬತ್ತು, ಹತ್ತು ಇಂಗಾಲದವು ಬರುತ್ತವೆ. ಕಿತ್ತಳೆ ಸಿಪ್ಪೆ, ಮೇಣ, ಪ್ಲಾಸ್ಟಿಕ್ ನೆನಪಿಸುವಂಥವು. ಒಂಬತ್ತು ಇಂಗಾಲದ ನೋನನಾಲ್ ನಮ್ಮ ಚರ್ಮದಿಂದಲೂ ಹೊಮ್ಮುತ್ತದೆ, ಕ್ಯುಲೆಕ್ಸ್ ಸೊಳ್ಳೆಯ ಮೀಸೆ ಅದನ್ನು ಹಿಡಿಯುವುದರಲ್ಲಿ ನಿಪುಣ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಸೊಳ್ಳೆ ನಮ್ಮನ್ನು ಹುಡುಕುವ ಸುಳಿವೂ, ಹಳೇ ಒಲಿಯಿಕ್ ಎಣ್ಣೆಯ ವಾಸನೆಯೂ ಒಂದೇ ಅಣು!

ಹಾಗಾದರೆ ಕೊಬ್ಬಿನಾಮ್ಲದ ಲೆಕ್ಕ ಗೊತ್ತಾದರೆ ಎಣ್ಣೆಯ ಆಯುಸ್ಸು ಹೇಳಿಬಿಡಬಹುದಲ್ಲ? ಹಾಗೆಂದುಕೊಳ್ಳುವಷ್ಟರಲ್ಲಿ ಒಳ್ಳೆಣ್ಣೆ ಎದ್ದು ನಿಲ್ಲುತ್ತದೆ. ಎಳ್ಳಿನಲ್ಲಿ ಲಿನೋಲಿಯಿಕ್ ನೂರಕ್ಕೆ 40ಕ್ಕೂ ಮೇಲೆ, ಟಿಎಂವಿ-2ಕ್ಕಿಂತ ಕಡಿಮೆಯೇನಲ್ಲ. ಲೆಕ್ಕದ ಪ್ರಕಾರ ಬೇಗ ಕಮಟಬೇಕು. ಆದರೆ ಅದು ತಾಳಿಕೆಗೇ ಹೆಸರುವಾಸಿ, ಉಪ್ಪಿನಕಾಯಿ ಹಾಕುವವರನ್ನು ಕೇಳಿ. ಗುಟ್ಟು ಸೆಸಾಮಿನ್, ಸೆಸಾಮೊಲಿನ್ ಎಂಬ ಅದರದ್ದೇ ವಸ್ತುಗಳಲ್ಲಿದೆ. ಹುರಿದಾಗ ಸೆಸಾಮೊಲಿನ್‌ನಿಂದ ಸೆಸಮಾಲ್ ಎಂಬ ಬಲವಾದ ಕಾವಲುಗಾರ ಹುಟ್ಟುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಕಾವಲಿಗೆ ಟೊಕೊಫೆರಾಲ್‌ಗಳಿವೆ, ನಾವು ವಿಟಮಿನ್ ಇ ಎನ್ನುವವು. ಒಂದು ಕಿಲೋ ಎಣ್ಣೆಯಲ್ಲಿ ಒಂದು ಗ್ರಾಮಿನಷ್ಟೂ ಇರುವುದಿಲ್ಲ. ಆದರೂ ಒಂದೊಂದು ಅಣುವೂ ಎರಡೆರಡು ಕಳ್ಳರನ್ನು ಹಿಡಿದು, ತನ್ನ ಜಲಜನಕವನ್ನೇ ಅವರ ಕೈಗಿಟ್ಟು ಸರಪಳಿಯನ್ನು ಅಲ್ಲಿಗೇ ಕಡಿಯುತ್ತದೆ. ಅವು ಖರ್ಚಾಗುವವರೆಗೂ ಮೌನ. ಖರ್ಚಾದ ದಿನ ದಾಹ. ಬೆಣ್ಣೆ ಕಾಯಿಸುವಾಗ ಹಾಕುವ ವೀಳ್ಯದೆಲೆಯಲ್ಲೂ ಇಂಥದೇ ಫೀನಾಲ್‌ಗಳಿವೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದರಿಂದ ಎಣ್ಣೆಗೆ ತಾಮ್ರ ಸೋಕುತ್ತಿರಲಿಲ್ಲ, ಅದೂ ದೊಡ್ಡ ಉಪಕಾರ. ತಾಮ್ರ ಲವಲೇಶ ಇದ್ದರೂ ಪೆರಾಕ್ಸೈಡುಗಳನ್ನು ಒಡೆಯುವುದರಲ್ಲಿ ಎತ್ತಿದ ಕೈ.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಬೆಳಕು. ಇಷ್ಟು ಹೊತ್ತು ಹೇಳಿದ್ದು ಬಹುಮಟ್ಟಿಗೆ ಕತ್ತಲೆಯ ಕಥೆ. ಬೆಳಕು ಬಿದ್ದಾಗ, ಎಣ್ಣೆಯಲ್ಲಿ ಪತ್ರಹರಿತ್ತಿನಂಥ ಬಣ್ಣದ ಕಣಗಳಿದ್ದರೆ, ಅವು ಬೆಳಕಿನ ಶಕ್ತಿಯನ್ನು ಹಿಡಿದು ಆಮ್ಲಜನಕಕ್ಕೆ ದಾಟಿಸುತ್ತವೆ. ಹಾಗೆ ಕೆರಳಿದ ಆಮ್ಲಜನಕಕ್ಕೆ ಸಡಿಲ ಜಲಜನಕ ಹುಡುಕುವ ತಾಳ್ಮೆಯೇ ಇಲ್ಲ, ನೇರ ಜೋಡಿಬಂಧದ ಮೇಲೇ ಎರಗುತ್ತದೆ. ಲಿನೋಲಿಯಿಕ್ ಮೇಲೆ ಅದರ ವೇಗ ಮಾಮೂಲಿ ಆಮ್ಲಜನಕದ ಸಾವಿರ ಪಟ್ಟಿಗೂ ಹೆಚ್ಚು! ಒಲಿಯಿಕ್‌ಗೂ ಲಿನೋಲಿಯಿಕ್‌ಗೂ ಇದ್ದ ಹತ್ತಾರು ಪಟ್ಟಿನ ಅಂತರ ಈ ದಾಳಿಯಲ್ಲಿ ಎರಡು ಪಟ್ಟಿಗೂ ಕಡಿಮೆ. ಅಂದರೆ ತಳಿವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಗಳಿಸಿದ ಅನುಕೂಲದ ಬಹುಪಾಲನ್ನು ಒಂದು ಪಾರದರ್ಶಕ ಬಾಟಲಿ, ಅಂಗಡಿಯ ಮುಂದಿನ ಬಿಸಿಲು ಸೇರಿ ಉಡಾಯಿಸಿಬಿಡಬಹುದು. ರಿಫೈನ್ ಮಾಡುವಾಗ ಬಣ್ಣದ ಕಣಗಳು ಬಹುಮಟ್ಟಿಗೆ ಹೋಗುತ್ತವೆ, ಗಾಣದ ಎಣ್ಣೆಯಲ್ಲಿ ಇದ್ದಷ್ಟು ಉಳಿಯುತ್ತವೆ. ಗಾಣದ ಎಣ್ಣೆಗೆ ದುಬಾರಿ ಬೆಲೆ ಕೊಟ್ಟು ತಂದು, ಅದರ ಹೊಂಬಣ್ಣ ಕಾಣಲೆಂದು ಕಿಟಕಿಯ ಬಳಿ ಗಾಜಿನಲ್ಲಿ ಇಡುವವರನ್ನು ಕಂಡರೆ ನನಗೀಗ ಕೈ ಹಿಡಿದು ಎಳೆಯಬೇಕೆನಿಸುತ್ತದೆ. ಸ್ಟೀಲ್ ಡಬ್ಬಿ, ಹಳೇ ಪಿಂಗಾಣಿ ಜಾಡಿ ಎರಡೂ ಇದಕ್ಕಿಂತ ವಾಸಿ. ಡಬ್ಬಿ ತುಂಬಿದ್ದಷ್ಟೂ ಒಳ್ಳೆಯದು, ಅರ್ಧ ಖಾಲಿ ಡಬ್ಬಿಯ ತುಂಬ ಆಮ್ಲಜನಕವೇ. ಬೀಜವನ್ನು ಒಡೆಯದೆ ಕಾಯಿಯಾಗಿಯೇ ಇಟ್ಟು ಬೇಕಾದಾಗ ಒಡೆಯುವ ರೂಢಿ ಇನ್ನೂ ಜಾಣತನದ್ದು: ಬೀಜದೊಳಗೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ, ಪ್ರತಿ ಹನಿಯೂ ಪ್ರೋಟೀನಿನ ಪೊರೆ ಹೊದ್ದು ಕೂತಿರುತ್ತದೆ.

ಇಷ್ಟೆಲ್ಲ ಓದಿ ಆಮ್ಲಜನಕವನ್ನೇ ಶತ್ರು ಎಂದುಕೊಳ್ಳಬೇಡಿ. ಆಕ್ರೋಟ್ ಎಣ್ಣೆಯ ಅದೇ ದಾಹವನ್ನು ನಂಬಿ ಬದುಕಿದವರಿದ್ದಾರೆ, ಚಿತ್ರಕಾರರು. ಅಣುಗಳು ಆಮ್ಲಜನಕ ಹೀರಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುವುದರಿಂದಲೇ ತೈಲವರ್ಣ ಗೋಡೆಗೆ ಅಂಟಿ ನಿಲ್ಲುವುದು. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ, ತಾಲಿಬಾನಿಗಳು ಉರುಳಿಸಿದ ಬುದ್ಧರ ಹಿಂದಿನ ಗುಹೆಗಳ ಚಿತ್ರಗಳ ಬಣ್ಣದ ಚೂರುಗಳನ್ನು ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಕಿರಣಗಳಲ್ಲಿ ಪರೀಕ್ಷಿಸಿದವರು 2008ರಲ್ಲಿ ಬೆರಗಿನ ಸುದ್ದಿ ಕೊಟ್ಟರು. ಸುಮಾರು 7ನೇ ಶತಮಾನದ ಆ ಚಿತ್ರಗಳಲ್ಲಿ ಒಣಗುವ ಎಣ್ಣೆಯಿತ್ತು, ಬಹುಶಃ ಆಕ್ರೋಟಿನದ್ದೋ ಗಸಗಸೆಯದ್ದೋ. ಯುರೋಪು ತೈಲವರ್ಣಕ್ಕೆ ಹೆಸರಾಗುವ ನೂರಾರು ವರ್ಷ ಮೊದಲು! ಕಮಟು ಹಿಡಿಯದ ಎಣ್ಣೆಯಿಂದ ಆ ಚಿತ್ರಗಳನ್ನು ಬರೆಯಲು ಆಗುತ್ತಲೇ ಇರಲಿಲ್ಲ.

ಲಿನೋಲಿಯಿಕ್ ಗಿಡಕ್ಕೂ ಬೇಕು. ಚಳಿಯಲ್ಲಿ ಜೀವಕೋಶದ ಪೊರೆಗಳು ಬಿಗಿಯಾಗದೆ ಮೆತ್ತಗಿರಲು ಜೋಡಿಬಂಧಗಳು ಬೇಕು. ಹೆಚ್ಚು ಒಲಿಯಿಕ್ ಇರುವ ತಳಿಗಳು ತಣ್ಣನೆ ಮಣ್ಣಿನಲ್ಲಿ ಮೊಳೆಯಲು ಸೋಮಾರಿತನ ತೋರುತ್ತವೆ ಎಂದು ಅಮೆರಿಕದ ಬೆಳೆಗಾರರು ಗೊಣಗುವುದುಂಟು.

ಇನ್ನು ನಮ್ಮ ನಾಲಿಗೆ. ಬಾಣಲೆಗೆ ಬೋಂಡ ಬಿಟ್ಟಾಗ ಮೂರು ಮನೆ ಆಚೆಗೂ ಹೋಗುವ ಆ ಘಮ ಇದೆಯಲ್ಲ, ಅದರ ಮುಖ್ಯ ಅಣು 2,4-ಡೆಕಾಡೈಯೆನಾಲ್. ನೀರಿನಲ್ಲಿ ನೂರು ಕೋಟಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗು ಹಿಡಿದುಬಿಡುತ್ತದೆ. ಅದು ಹುಟ್ಟುವುದು ಯಾವುದರಿಂದ? ಲಿನೋಲಿಯಿಕ್ ಆಮ್ಲ ಆಮ್ಲಜನಕದ ಜೊತೆ ಸೇರಿ ಒಡೆಯುವುದರಿಂದ! ತಣ್ಣಗೆ ತಿಂಗಳುಗಟ್ಟಲೆ ನಡೆದರೆ ಕಮಟು, ಬಾಣಲೆಯ ಕಾವಿನಲ್ಲಿ ಕ್ಷಣದಲ್ಲಿ ನಡೆದರೆ ಬಾಯಲ್ಲಿ ನೀರು. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದವರು ಹತ್ತಿಬೀಜದ ಎಣ್ಣೆಯಲ್ಲೂ ಹೆಚ್ಚು ಒಲಿಯಿಕ್ ಇರುವ ಸೂರ್ಯಕಾಂತಿ ಎಣ್ಣೆಯಲ್ಲೂ ಆಲೂಗಡ್ಡೆ ಚಿಪ್ಸ್ ಕರಿದು ರುಚಿ ನೋಡಿಸಿದರು. ಲಿನೋಲಿಯಿಕ್ ತುಂಬಿದ ಹತ್ತಿಬೀಜದ ಎಣ್ಣೆಯ ಚಿಪ್ಸಿಗೆ ಕರಿದ ರುಚಿ ಹೆಚ್ಚು, ಬಾಳಿಕೆ ಕಡಿಮೆ. ಒಲಿಯಿಕ್ ಎಣ್ಣೆಯದ್ದು ದಿನಗಟ್ಟಲೆ ಬಾಳಿತು, ಆದರೆ ತಾಜಾ ಇದ್ದಾಗಲೇ ರುಚಿ ಸಪ್ಪೆ. ಎರಡನ್ನೂ ಬೆರೆಸಿ ನಡುವಿನ ಹದ ಹುಡುಕಬೇಕಾಯಿತು. ಪ್ಯಾಕೆಟ್ಟಿನಲ್ಲಿ ತಿಂಗಳಾನುಗಟ್ಟಲೆ ಚಿಕ್ಕಿ ಮಾರುವ ಕಂಪನಿಗೆ ಗಿರ್ನಾರ್ ವರವೇ ಸರಿ. ದೀಪಾವಳಿಗೆ ಚಕ್ಕುಲಿ ಕರಿದು ಅಂದೇ ಖಾಲಿ ಮಾಡುವ ಮನೆಯವರು ಮಾತ್ರ ಹಳೇ ಟಿಎಂವಿ-2ರ ಎಣ್ಣೆಯನ್ನು, ಗಾಣದಿಂದ ಆ ವಾರವೇ ತಂದದ್ದನ್ನು, ಬಿಟ್ಟುಕೊಡಬೇಕಾಗಿಲ್ಲ.